ಹಗ್ಗದ ಮೇಲಿನ ಗಿಡ ಒಳಗೋ, ಹೊರಗೋ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ನಮ್ಮ ಕಡೆಯ ಮಂದಿ ಜಿಲ್ಲಾವಾರು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಹಾಗೆ ಓದಿದರೆ ನಮ್ಮ ಹೆಸರು ಬೇಗ ಸಿಗುತ್ತದೆ. 2024ರಲ್ಲಿ ಶೇ 50.59 ಪಡೆದು ಯಾದಗಿರಿ ಕೊನೆಯಲ್ಲಿತ್ತು. 2025ರಲ್ಲಿ ಆ ಜಾಗ ನಮ್ಮ ಕಲಬುರಗಿಗೆ ಬಂತು, ಶೇ 42.43. ಅದೇ ವರ್ಷ ಮೊದಲ ಸ್ಥಾನದ ದಕ್ಷಿಣ ಕನ್ನಡದ್ದು ಶೇ 91.12. ಆಮೇಲೆ ಒಂದು ವಾರ ಸಭೆ, ನೋಟಿಸು, ಟಿವಿಯಲ್ಲಿ ಚರ್ಚೆ. ಚಹಾದಂಗಡಿಯಲ್ಲಿ ಕೂತವರು ಗಣಿತದ ಮಾಸ್ತರನಾದ ನನ್ನ ಮುಖ ನೋಡಿ, "ಏನ್ರಿ ಸರ, ಈ ಸಲ ನಾವೇ ಏನು ಲಾಸ್ಟ್?" ಎಂದು ಕೇಳುತ್ತಾರೆ. ಕೇಳುವುದರಲ್ಲಿ ಬೇಸರಕ್ಕಿಂತ ರೂಢಿಯೇ ಹೆಚ್ಚು.

ಆ ಅಂಕಿಗಳು ಸುಳ್ಳೆಂದು ವಾದ ಮಾಡಲು ನಾನು ಕೂತಿಲ್ಲ. ನನಗೆ ಕಾಡುವುದು ಬೇರೆ. ಆ ಶೇಕಡಾವಾರಿನ ಒಳಗೆ ಕೂತ ಪ್ರತಿ ಮಗುವಿಗೂ ಸಂಖ್ಯಾಶಾಸ್ತ್ರ ಎಂಬ ಒಂದು ಅಧ್ಯಾಯ ಪಾಠವಾಗಿರುತ್ತದೆ. ಸರಾಸರಿ, ಮಧ್ಯಾಂಕ (ಸಾಲಾಗಿ ಇಟ್ಟರೆ ನಡುವೆ ಬರುವುದು), ಬಹುಲಕ (ಹೆಚ್ಚು ಸಲ ಬರುವುದು). ಸೂತ್ರ ಗಟ್ಟಿ ಇದ್ದರೆ ಅಂಕ ಖಾತ್ರಿ, ಹಾಗಾಗಿ ಅದು ನಮ್ಮ 'ಪಾಸಿಂಗ್ ಪ್ಯಾಕೇಜ್'ನಲ್ಲಿ ಸದಾ ಇರುತ್ತದೆ. ಫೇಲಾಗುವ ಭಯವಿರುವ ಹುಡುಗನೂ ಕೋಷ್ಟಕ ಹಾಕಿ, ಮಧ್ಯಬಿಂದು ಬರೆದು, ಗುಣಿಸಿ, ಕೂಡಿ, ಭಾಗಿಸಿ ಉತ್ತರ ತರುತ್ತಾನೆ. ಉತ್ತರ ಏನು ಹೇಳುತ್ತದೆ ಎಂದು ಕೇಳಿದರೆ ಸುಮ್ಮನಾಗುತ್ತಾನೆ. ಅವನದೇನು ತಪ್ಪು? ಪುಸ್ತಕದ ಲೆಕ್ಕವೊಂದರಲ್ಲಿ ಯಾವುದೋ ಬಡಾವಣೆಯ 68 ಗ್ರಾಹಕರ ಕರೆಂಟಿನ ಬಳಕೆ ಇದೆ. ಇನ್ನೊಂದರಲ್ಲಿ ಟೆಲಿಫೋನ್ ಡೈರೆಕ್ಟರಿಯಿಂದ 100 ಅಡ್ಡಹೆಸರು ತೆಗೆದು, ಒಂದೊಂದರಲ್ಲಿ ಎಷ್ಟು ಇಂಗ್ಲಿಷ್ ಅಕ್ಷರಗಳಿವೆ ಎಂದು ಎಣಿಸಿದ್ದಾರೆ. ಟೆಲಿಫೋನ್ ಡೈರೆಕ್ಟರಿ ಎಂಬುದನ್ನು ಕಣ್ಣಿಂದ ನೋಡದ ಮಕ್ಕಳಿಗೆ, ಯಾರಿಗೂ ಬೇಡವಾದ ಆ ಎಣಿಕೆಯ ಬಹುಲಕ ಕಂಡುಹಿಡಿಯಿರಿ ಎಂದರೆ ಕಂಡುಹಿಡಿಯುತ್ತಾರೆ ಪಾಪ. ಕಂಡುಹಿಡಿದು ಮರೆಯುತ್ತಾರೆ.

ನಮ್ಮ ಮಕ್ಕಳನ್ನು ಎಣಿಸುವವರು ಬಹಳ ಮಂದಿ ಇದ್ದಾರೆ. ಮಕ್ಕಳ ಕೈಗೆ ಎಣಿಸುವ ಕೆಲಸ ಕೊಟ್ಟವರು ಕಡಿಮೆ. ಹೈಸ್ಕೂಲು ಮಕ್ಕಳಿಗೆಂದೇ ಇರುವ ಸಂಖ್ಯಾಶಾಸ್ತ್ರದ ಸ್ಪರ್ಧೆಗಳ ಮೇಲೆ ನನಗೆ ಆಸೆ ಹುಟ್ಟಿದ್ದು ಇದೇ ಕಾರಣಕ್ಕೆ.

ಹೊರದೇಶಗಳಲ್ಲಿ ಇಂಥವು ಹಲವು ನಡೆಯುತ್ತವೆ. ಇಂಟರ್‌ನ್ಯಾಷನಲ್ ಸ್ಟ್ಯಾಟಿಸ್ಟಿಕಲ್ ಲಿಟರಸಿ ಪ್ರಾಜೆಕ್ಟ್ ಎಂಬುದು ಎರಡು ವರ್ಷಕ್ಕೊಮ್ಮೆ ಪೋಸ್ಟರ್ ಸ್ಪರ್ಧೆ ಇಡುತ್ತದೆ. ಐದು ಮಂದಿ ಮೀರದ ತಂಡ, ಎ1 ಅಳತೆಯ ಒಂದೇ ಹಾಳೆ. ಅದರಲ್ಲಿ ಪ್ರಶ್ನೆ, ಮಾಹಿತಿ ಕೂಡಿಸಿದ ಬಗೆ, ನಕ್ಷೆ, ಕಂಡದ್ದು ಎಲ್ಲ ಇರಬೇಕು. ಮಾಹಿತಿ ಮಕ್ಕಳೇ ತಂದದ್ದಾಗಬಹುದು, ಸರ್ಕಾರ ಪ್ರಕಟಿಸಿದ್ದೂ ಆಗಬಹುದು. ಮೊದಲು ಆಯಾ ದೇಶದೊಳಗಿನ ಸುತ್ತು, ಆಮೇಲೆ ಅಂತರರಾಷ್ಟ್ರೀಯ ಸುತ್ತು. ಯುರೋಪಿನ ಅಂಕಿಅಂಶ ಕಚೇರಿ ಯೂರೋಸ್ಟ್ಯಾಟ್ ನಡೆಸುವ ಸ್ಪರ್ಧೆಯಲ್ಲಿ ತಂಡಕ್ಕೆ ಹೆಚ್ಚೆಂದರೆ ಮೂವರು. ಮೊದಲು ಪರೀಕ್ಷೆ, ಆಮೇಲೆ ಕೊಟ್ಟ ದತ್ತಾಂಶದ ಮೇಲೆ ವರದಿ, ಗೆದ್ದವರಿಗೆ ಯುರೋಪ್ ಮಟ್ಟದಲ್ಲಿ ಎರಡು ನಿಮಿಷದ ವಿಡಿಯೊ. ಬ್ರಿಟನ್ನಿನಲ್ಲಿ 2000ರಲ್ಲಿ ಶುರುವಾದ 'ಸೆನ್ಸಸ್ ಅಟ್ ಸ್ಕೂಲ್' ಸ್ಪರ್ಧೆಯಲ್ಲ. ಮಕ್ಕಳು ತಮ್ಮದೇ ಎತ್ತರ, ಪಾದದ ಉದ್ದ, ಶಾಲೆಗೆ ಬರುವ ಹೊತ್ತು ಇಂಥವನ್ನು ಅಳೆದು ತುಂಬಿದರೆ, ಬೇರೆ ಶಾಲೆಯ ಮಕ್ಕಳ ಮಾಹಿತಿಯೂ ಕಲಿಯಲು ಸಿಗುತ್ತದೆ. ಎಷ್ಟೋ ದೇಶಗಳು ಅದನ್ನು ಎತ್ತಿಕೊಂಡವು.

ನಮ್ಮಲ್ಲಿ ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಾಲನೋಬಿಸ್ ಹುಟ್ಟಿದ ಜೂನ್ 29 ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನ, 2007ರಿಂದ. ಕೇಂದ್ರದ ಅಂಕಿಅಂಶ ಸಚಿವಾಲಯ ಪ್ರಬಂಧ ಸ್ಪರ್ಧೆ ನಡೆಸುವುದು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ. ಹೈದರಾಬಾದಿನಲ್ಲಿ ಸಿ.ಆರ್. ರಾವ್ ಹೆಸರಿನ ಸಂಸ್ಥೆ ಸಂಖ್ಯಾಶಾಸ್ತ್ರ ಒಲಿಂಪಿಯಾಡ್ ನಡೆಸಿದೆ. ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಆ ರಾವ್ ಅವರು ಹುಟ್ಟಿದ್ದು 1920ರಲ್ಲಿ, ನಮ್ಮದೇ ಕಲ್ಯಾಣ ಕರ್ನಾಟಕದ ಹೂವಿನ ಹಡಗಲಿಯಲ್ಲಿ. ಇಪ್ಪತ್ತೈದರ ವಯಸ್ಸಿಗೆ ಅವರು ಬರೆದ ಪ್ರಬಂಧದಿಂದ ಬಂದ, ಒಂದು ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಲ್ಲದು ಎಂದು ಹೇಳುವ ಕ್ರಾಮರ್-ರಾವ್ ಅಸಮತೆಯನ್ನು ಇವತ್ತಿಗೂ ಜಗತ್ತಿನಾದ್ಯಂತ ಸಂಖ್ಯಾಶಾಸ್ತ್ರದ ಉನ್ನತ ತರಗತಿಗಳಲ್ಲಿ ಕಲಿಸುತ್ತಾರೆ. 2023ರಲ್ಲಿ, ನೂರೆರಡು ದಾಟಿದ ಮೇಲೆ, ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ಹಡಗಲಿ ಎಂದರೆ ನಮ್ಮ ಮಕ್ಕಳಿಗೆ ಮಲ್ಲಿಗೆ ಗೊತ್ತು, ರಾವ್ ಗೊತ್ತಿಲ್ಲ.

(ನಮ್ಮ ಶಾಲೆ ಇರುವುದು ಕಲಬುರಗಿಯಿಂದ ಸೇಡಂ ಕಡೆ ಹೋಗುವ ದಾರಿಯಲ್ಲಿ. ಮುಂದೆ ಮಳಖೇಡ. ಗಣಿತದ ಕಾರ್ಯಕ್ರಮ ಯಾವುದೇ ಇರಲಿ, ರಾಷ್ಟ್ರಕೂಟರ ಕಾಲದ ಗಣಿತಜ್ಞ ಮಹಾವೀರಾಚಾರ್ಯರ ಹೆಸರು ಹೇಳದೆ ಅತಿಥಿಗಳು ಮೈಕ್ ಬಿಡುವುದಿಲ್ಲ. ಹೆಮ್ಮೆ ಪಡಲಿ, ಬೇಡವೆನ್ನಲಾರೆ. ಆದರೆ ಒಂಬತ್ತನೆಯ ಶತಮಾನದ ಹೆಮ್ಮೆಯಿಂದ ಹತ್ತನೆಯ ತರಗತಿ ನಡೆಯುವುದಿಲ್ಲ.)

ಸ್ಪರ್ಧೆಗಳಲ್ಲೂ ಭೇದ ಇದೆ. ನಾಲ್ಕು ಉತ್ತರದಲ್ಲಿ ಒಂದರ ವೃತ್ತಕ್ಕೆ ಮಸಿ ತುಂಬುವ ಒಲಿಂಪಿಯಾಡ್ ನಮ್ಮ ಊರಿಗೆ ಬಂದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಮರುವರ್ಷವೇ ಅದಕ್ಕೊಂದು ಟ್ಯೂಷನ್, ಅದಕ್ಕೊಂದು ಗೈಡು, ಗೆದ್ದ ಮಗುವಿನ ಫೋಟೊ ಹಾಕಿದ ಬ್ಯಾನರ್. ಸೂತ್ರ ಗಟ್ಟಿ ಮಾಡಿಸುವುದನ್ನು ನಾವು ಈಗಾಗಲೇ ಮಾಡುತ್ತಿದ್ದೇವೆ, ಅದಕ್ಕೆ ಇನ್ನೊಂದು ಪದಕ ಬೇಡ. ಪೋಸ್ಟರಿನದ್ದು ಹಾಗಲ್ಲ. ಅಲ್ಲಿ ಮೊದಲು ಪ್ರಶ್ನೆ ಹುಟ್ಟಬೇಕು. ಪ್ರಶ್ನೆಗೆ ಗೈಡ್ ಇರುವುದಿಲ್ಲ.

ನಮ್ಮ ಮಕ್ಕಳಿಗೆ ಇದಕ್ಕೆ ಹತ್ತಿರದ್ದೆಂದರೆ ಮಕ್ಕಳ ವಿಜ್ಞಾನ ಸಮಾವೇಶ. ದೇಶದ ಮಟ್ಟದಲ್ಲಿ 1993ರಿಂದ ನಡೆದಿದೆ, ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸುತ್ತ ಬಂದಿದೆ. ಹತ್ತರಿಂದ ಹದಿನೇಳು ವಯಸ್ಸಿನ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆ ಹಿಡಿದು ಯೋಜನೆ ಮಾಡಬೇಕು. ಇದರಲ್ಲಿ ಸರ್ವೆ ಸಾಮಾನ್ಯ. ಮಕ್ಕಳು ಚಾರ್ಟ್ ಹಿಡಿದು ನಿಂತಾಗ ತೀರ್ಪುಗಾರರು "ಎಷ್ಟು ಮಂದಿನ್ನ ಕೇಳೀರಿ?" ಎನ್ನುತ್ತಾರೆ. ಸಂಖ್ಯೆ ದೊಡ್ಡದಿದ್ದರೆ ತಲೆಯಾಡಿಸುತ್ತಾರೆ. "ಯಾರನ್ನ ಬಿಟ್ಟೀರಿ?" ಎಂದು ಕೇಳಿದವರನ್ನು ನಾನು ನೋಡಿದ್ದು ಅಪರೂಪ. ನನ್ನ ಮಟ್ಟಿಗೆ ಇಡೀ ಸಂಖ್ಯಾಶಾಸ್ತ್ರ ಆ ಎರಡನೆಯ ಪ್ರಶ್ನೆಯಲ್ಲಿದೆ.

ಇದು ನನಗೆ ತರಗತಿಯಲ್ಲೇ ಸಿಕ್ಕ ಪಾಠ. ನಮ್ಮ ಕಡೆ ಹತ್ತಿ ಬಿಡಿಸುವ ಹೊತ್ತು, ತೊಗರಿ ಕೊಯ್ಯುವ ಹೊತ್ತು ಬಂದರೆ ಹಾಜರಿ ಕುಸಿಯುತ್ತದೆ. ಮಕ್ಕಳ ತಂಡವೊಂದು ಗೈರುಹಾಜರಿಯ ಕಾರಣಗಳನ್ನು ಹುಡುಕಲು ಹೊರಟಿತು. ಚಂದದ ಪ್ರಶ್ನಾವಳಿ ಮಾಡಿ, ತರಗತಿ ತರಗತಿಗೆ ಹೋಗಿ ತುಂಬಿಸಿಕೊಂಡು ಬಂದರು. ಬಣ್ಣಬಣ್ಣದ ಕಂಬ ನಕ್ಷೆ ಆಯಿತು. 'ಜ್ವರ' ಮೊದಲು, 'ಊರಿಗೆ ಹೋಗಿದ್ದೆವು' ಎರಡನೆಯದು. ದುಡಿಮೆ ಎಲ್ಲೋ ಕೊನೆಯಲ್ಲಿ ಗಿಡ್ಡ ಕಂಬವಾಗಿ ಕೂತಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗಿ, ಮಾತು ಕಡಿಮೆಯವಳು, ಎದ್ದು ನಿಂತು ಕೇಳಿದಳು: "ಸರ, ಸಾಲಿಗಿ ಬಂದವ್ರನ್ನ ಕೇಳಿದ್ರ, ಬರಲಾರದವ್ರ ಸುದ್ದಿ ಹ್ಯಾಂಗ ತಿಳಿತದ್ರಿ?"

ತರಗತಿ ನಕ್ಕಿತು, ಆಮೇಲೆ ಸುಮ್ಮನಾಯಿತು. ಗೈರುಹಾಜರಿಯ ಸರ್ವೆಯನ್ನು ಹಾಜರಿದ್ದವರನ್ನು ಕೇಳಿ ಮಾಡಿದ್ದರು! ಆ ತಂಡ ಎರಡನೆಯ ಸಲ ಹೊರಟಾಗ ಹಾಜರಿ ಪುಸ್ತಕದಿಂದ ಹೆಸರು ತೆಗೆದು, ಮನೆಗೆ ಹೋಗಿ ಕೇಳಿತು. ಕೆಲವು ಮನೆಗೆ ಬೀಗ. ಪುಣೆ, ಮುಂಬೈ, ಹೈದರಾಬಾದು, ಬೆಂಗಳೂರು, ಯಾವುದೋ ಕಟ್ಟಡದ ಕೆಲಸಕ್ಕೆ ಮನೆಮಂದಿಯೆಲ್ಲ ಹೋಗಿದ್ದರು. ಬೀಗ ಹಾಕಿದ ಮನೆಯನ್ನು ಕೋಷ್ಟಕದಲ್ಲಿ ಏನೆಂದು ಬರೆಯಬೇಕು? 'ಮಾಹಿತಿ ಇಲ್ಲ' ಎಂದು ಬರೆಯೋಣ ಎಂದರು ಒಂದಿಬ್ಬರು. ಬೀಗವೇ ಮಾಹಿತಿ ಅಲ್ಲವೇ ಎಂದರು ಇನ್ನೊಬ್ಬರು. 2025ರ ದಸರೆಯ ಹೊತ್ತಿಗೆ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಅರವತ್ತು ಪ್ರಶ್ನೆಗಳನ್ನು ಹಿಡಿದು ಮನೆ ಮನೆ ತಿರುಗಿದ ಮಾಸ್ತರರಿಗೆಲ್ಲ ಈ ಚರ್ಚೆ ಪರಿಚಯದ್ದೇ. ಹೈಸ್ಕೂಲು ಮಕ್ಕಳು ತಾವಾಗಿಯೇ ಅಲ್ಲಿಗೆ ಬಂದು ಮುಟ್ಟಿದ್ದು ನನಗೆ ಖುಷಿ ಕೊಟ್ಟಿತು.

ಈಗ ತೊಗರಿಯ ವಿಷಯ. ಕಲಬುರಗಿ ತೊಗರಿಯ ನಾಡು. 2019ರಲ್ಲಿ ಇಲ್ಲಿನ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಕೂಡ ಸಿಕ್ಕಿತು. 2022ರಲ್ಲಿ ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗಿದ್ದನ್ನು ಈ ಕಡೆ ಯಾರೂ ಮರೆತಿಲ್ಲ. ಆಮೇಲಿನ ಒಂದು ಹಂಗಾಮಿನಲ್ಲಿ ಮಕ್ಕಳು, ನಮ್ಮೂರಿನ ಹೊಲಗಳಲ್ಲಿ ನೆಟೆ ಎಷ್ಟಿದೆ ಎಂದು ಎಣಿಸೋಣ ಎಂದರು. ಎಲ್ಲ ಗಿಡ ಎಣಿಸಲು ಆಗುವುದಿಲ್ಲ. ರಸ್ತೆ ಪಕ್ಕದ ಹೊಲಗಳನ್ನಷ್ಟೇ ನೋಡಿದರೆ ಕಾಲಿಗೆ ಸುಖ, ಲೆಕ್ಕಕ್ಕೆ ಮೋಸ. ಅದಕ್ಕೆ ಸರ್ವೆ ನಂಬರುಗಳನ್ನು ಚೀಟಿಯಲ್ಲಿ ಬರೆದು ಎತ್ತಿದೆವು. ಹೊಲದ ನೈಋತ್ಯ ಮೂಲೆಯಲ್ಲಿ ನಿಂತು, ಮತ್ತೆ ಚೀಟಿ ಎತ್ತಿ, ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ. ಅಲ್ಲಿ ಗೂಟ ಹೊಡೆದು, ಐದು ಮೀಟರಿನ ಚೌಕಕ್ಕೆ ಹಗ್ಗ ಬಿಗಿದರು.

ಮೊದಲ ಚೌಕದಲ್ಲೇ ಜಗಳ. ಹಗ್ಗ ಸರಿಯಾಗಿ ಒಂದು ಗಿಡದ ಬುಡದ ಮೇಲೆ ಹಾದಿತ್ತು. ಒಳಗೆ ಎಂದು ಒಬ್ಬ, ಹೊರಗೆ ಎಂದು ಇನ್ನೊಬ್ಬ. ಜೊತೆಗೆ ಆ ಗಿಡ ಒಣಗಿದ್ದು ನೆಟೆಯಿಂದಲೋ, ನೀರಿಲ್ಲದೆಯೋ? ಹೊಲದ ಯಜಮಾನ, ಒಬ್ಬ ಹುಡುಗನ ಮುತ್ಯಾ, ಸುಮ್ಮನೆ ಬೀಡಿ ಸೇದುತ್ತ ನೋಡುತ್ತಿದ್ದವರು ಎದ್ದು ಬಂದು, ಗಿಡ ಕಿತ್ತು, ಕಾಂಡವನ್ನು ಕುಡಗೋಲಿನಿಂದ ಸೀಳಿ ತೋರಿಸಿದರು. ತೊಗಟೆಯ ಒಳಗೆ ಕಪ್ಪು ಗೆರೆ ಇದ್ದರೆ ನೆಟೆ. "ಸೀಳಿ ನೋಡ್ರಿ, ಆಮ್ಯಾಲ ಬರ್ಕೊರಿ" ಎಂದರು. ಹೀಗೆ ನೆಟೆ ಗಿಡ ಎಂದರೆ ಯಾವುದು ಎಂಬ ವ್ಯಾಖ್ಯೆ ಪುಸ್ತಕವಿಲ್ಲದೆ ಸಿಕ್ಕಿತು. ಹಗ್ಗದ ಜಗಳ ಮಾತ್ರ ಉಳಿಯಿತು. ಕೊನೆಗೆ ಎರಡು ಬದಿಯ ಹಗ್ಗದ ಮೇಲಿನವು ಒಳಗೆ, ಉಳಿದೆರಡು ಬದಿಯವು ಹೊರಗೆ ಎಂದು ಗೊತ್ತು ಮಾಡಿಕೊಂಡರು.

ಇದು ಮಕ್ಕಳಾಟದ ಜಗಳವಲ್ಲ ಎಂದು ಸಂಜೆ ಅವರಿಗೆ ಹೇಳಿದೆ. 1920ರ ದಶಕದಲ್ಲೇ ಹಬ್ಯಾಕ್ ಎಂಬ ಬ್ರಿಟಿಷ್ ಕಾಲದ ಐಸಿಎಸ್ ಅಧಿಕಾರಿ ಬಿಹಾರ-ಒಡಿಶಾದ ಭತ್ತದ ಗದ್ದೆಗಳಲ್ಲಿ ಹೀಗೆ ಮಾದರಿ ತುಂಡು ಕೊಯ್ದು ಇಳುವರಿ ಅಂದಾಜು ಮಾಡಿದ್ದ. ಮಹಾಲನೋಬಿಸ್ ಬಂಗಾಳದಲ್ಲಿ ಸೆಣಬಿಗೆ, ಭತ್ತಕ್ಕೆ ಅದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದರು. ಅವರಿಗೆ ಚಿಕ್ಕ ಚಿಕ್ಕ ತುಂಡುಗಳು ಸಾಕಿದ್ದವು, ಕೆಲಸ ಬೇಗ, ಖರ್ಚು ಕಡಿಮೆ. ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಒಪ್ಪಲಿಲ್ಲ. ತುಂಡು ಚಿಕ್ಕದಾದಷ್ಟೂ ಅದರ ಅಂಚಿನ ಪಾಲು ಹೆಚ್ಚು. ಅಂಚಿನ ಗಿಡಗಳನ್ನು ಕೊಯ್ಯುವವರು ಗೊತ್ತಿಲ್ಲದೆ ಒಳಗೆ ಎಳೆದುಕೊಳ್ಳುತ್ತಾರೆ, ಇಳುವರಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ ಎಂದು ಅಳೆದು ತೋರಿಸಿದರು. ದೇಶದ ಎರಡು ದೊಡ್ಡ ತಲೆಗಳು ವರ್ಷಗಟ್ಟಲೆ ವಾದ ಮಾಡಿದ್ದು ಹಗ್ಗದ ಮೇಲಿನ ಗಿಡದ ಬಗ್ಗೆಯೇ ಎನ್ನಿ. ಬೆಳಿಗ್ಗೆ ಜಗಳ ಆಡಿದ ಇಬ್ಬರ ಮುಖ ನೋಡಬೇಕಿತ್ತು.

ಆ ಚೌಕ ಇವತ್ತಿಗೂ ಪ್ರತಿ ಹಂಗಾಮಿನಲ್ಲಿ ನಮ್ಮ ಊರಿಗೆ ಬರುತ್ತದೆ, ಬೆಳೆ ಕಟಾವು ಪ್ರಯೋಗ ಎಂಬ ಹೆಸರಿನಲ್ಲಿ. 2016ರ ಫಸಲ್ ಬಿಮಾ (ಬೆಳೆ ವಿಮೆ) ಯೋಜನೆಯಡಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯ್ತಿಗೆ ಕನಿಷ್ಠ ನಾಲ್ಕು ಪ್ರಯೋಗ ಆಗಬೇಕು. ಆ ನಾಲ್ಕರ ಸರಾಸರಿಯೇ ಇಡೀ ಪಂಚಾಯ್ತಿಯ ಇಳುವರಿ. ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದರ ಸರಾಸರಿ ತೆಗೆದು, ಅದಕ್ಕೆ ಯೋಜನೆಯ ಶೇಕಡಾವಾರು ಹಚ್ಚಿ, ಒಂದು ಮಿತಿ ಇಟ್ಟಿರುತ್ತಾರೆ. ಈ ವರ್ಷದ್ದು ಆ ಮಿತಿಗಿಂತ ಎಷ್ಟು ಕಡಿಮೆಯೋ ಅಷ್ಟು ಪಾಲು ಪರಿಹಾರ. ನಮ್ಮ ಮಕ್ಕಳ ಮನೆಯ ವರ್ಷದ ಖರ್ಚು, ಅಕ್ಕನ ಮದುವೆ, ಬಡ್ಡಿ ಸಾಲ ಎಲ್ಲ ಈ ಸರಾಸರಿಗೆ ಗಂಟು ಬಿದ್ದಿವೆ. ಆದರೂ ತರಗತಿಯಲ್ಲಿ ನಾವು ಟೆಲಿಫೋನ್ ಡೈರೆಕ್ಟರಿಯ ಅಡ್ಡಹೆಸರು ಎಣಿಸುತ್ತಿದ್ದೇವೆ.

ಬೋರ್ಡಿನ ಮೇಲೆ ಒಂದು ಕಾಲ್ಪನಿಕ ಲೆಕ್ಕ ಬರೆದೆ. ಮಿತಿ ಹೆಕ್ಟೇರಿಗೆ 8 ಕ್ವಿಂಟಾಲ್ ಎಂದಿಟ್ಟುಕೊಳ್ಳಿ. ನಾಲ್ಕು ಹೊಲಗಳಲ್ಲಿ ಬಂದದ್ದು 4, 4, 5, 11. ಸರಾಸರಿ 6. ಮಿತಿಗಿಂತ 2 ಕಡಿಮೆ, ಅಂದರೆ ವಿಮೆಯ ಶೇ 25 ಪರಿಹಾರ. ಮಧ್ಯಾಂಕ ತೆಗೆಯಿರಿ ಎಂದೆ. 4.5 ಬಂತು. ಅದರ ಪ್ರಕಾರ ಕೊರತೆ 3.5, ಪರಿಹಾರ ಶೇ 44ರ ಹತ್ತಿರ. 11 ಕ್ವಿಂಟಾಲಿನ ಹೊಲಕ್ಕೆ ಬೋರ್‌ವೆಲ್ ಇದೆ ಎಂದುಕೊಳ್ಳಿ ಎಂದಾಗ, ಸರಾಸರಿಯ ಲೆಕ್ಕದಲ್ಲಿ ಯಾವಾಗಲೂ ಭಾಗಾಕಾರ ತಪ್ಪುವ ಹುಡುಗನೊಬ್ಬ ಕೂಗಿದ: "ಅಂದ್ರ ಒಬ್ಬರ ಬೋರಿನ ನೀರು ಎಲ್ಲರ ವಿಮಾ ತಿಂದ್ ಬಿಡ್ತದಲ್ರಿ ಸರ!"

ಹಾಗೆಂದು ಸರಾಸರಿಯನ್ನು ಬೈದು ಬಿಡುವಂತಿಲ್ಲ. ಪಂಚಾಯ್ತಿಯ ಒಟ್ಟು ಬೆಳೆ ಎಷ್ಟು ಎಂದು ತಿಳಿಯಲು ಸರಾಸರಿಯನ್ನು ವಿಸ್ತೀರ್ಣದಿಂದ ಗುಣಿಸಬೇಕು, ಮಧ್ಯಾಂಕದಿಂದ ಆ ಲೆಕ್ಕ ಬರುವುದಿಲ್ಲ. ನೀರಾವರಿ ಹೊಲಗಳೂ ಊರಿನಲ್ಲಿ ಇರುವಾಗ ಚೀಟಿಯಲ್ಲಿ ಅವೂ ಬರುವುದು ನ್ಯಾಯವೇ. ತಕರಾರು ಇರಬೇಕಾದ್ದು ನಾಲ್ಕು ಎಂಬ ಸಂಖ್ಯೆಯ ಮೇಲೆ. ನಾಲ್ಕರಲ್ಲಿ ಒಂದು ಹೀಗೆ ಬಂದರೆ ಸರಾಸರಿ ಎಷ್ಟು ಜಿಗಿಯುತ್ತದೆ, ನಲವತ್ತರಲ್ಲಿ ಒಂದು ಬಂದರೆ ಎಷ್ಟು? ಮಕ್ಕಳು ಇದನ್ನು ಚೀಟಿ ಎತ್ತಿ ಎತ್ತಿ ತಾವೇ ನೋಡಿದರು. ಪಠ್ಯದಲ್ಲಿ ಇಲ್ಲದ ಪಾಠ ಇದು, ಆದರೂ ಅವತ್ತು ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ.

ಅಂಕಿಗಳು ನಮ್ಮನ್ನು ಬರೀ ಹಳಿದಿವೆ ಎಂದರೂ ಅನ್ಯಾಯವಾದೀತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನು ಹಿಡಿದು ರಾಜ್ಯದ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ತೋರಿಸಿತು. ನಮ್ಮ ಭಾಗದ ಪರವಾಗಿ ಮಾತಾಡಿದವರ ಕೈಯಲ್ಲಿ ಆ ವರದಿ ದೊಡ್ಡ ಬಲವಾಗಿತ್ತು. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗಕ್ಕೆ ಸಿಕ್ಕ ಮೀಸಲಾತಿಯಲ್ಲಿ ಸೀಟು ಹಿಡಿದು ಡಾಕ್ಟರು, ಎಂಜಿನಿಯರು ಆದ ನಮ್ಮ ಹಳೆಯ ವಿದ್ಯಾರ್ಥಿಗಳು ಇದ್ದಾರೆ. ಎಣಿಸಿದ್ದರಿಂದ ಸಿಕ್ಕಿದ್ದು ಅದು. ಯಾರು, ಯಾವುದನ್ನು, ಯಾವ ತೂಕ ಕೊಟ್ಟು ಎಣಿಸಿದರು ಎಂದು ಕೇಳಬಲ್ಲವರು ನಮ್ಮಲ್ಲೇ ಹುಟ್ಟಬೇಕಲ್ಲ.

ಅಡ್ಡಿಗಳೂ ಇವೆ. ಪೋಸ್ಟರನ್ನು ಹೊರದೇಶಕ್ಕೆ ಕಳಿಸಬೇಕೆಂದರೆ ಇಂಗ್ಲಿಷ್ ಬೇಕು. ನಕ್ಷೆ ಬರೆಯಲು ಬರುವವನಿಗೆ ವಾಕ್ಯ ಬರುವುದಿಲ್ಲ, ವಾಕ್ಯ ಬರುವವಳಿಗೆ ಹೊಲಕ್ಕೆ ಬರಲು ಮನೆಯಲ್ಲಿ ಬಿಡುವುದಿಲ್ಲ. ಕಂಪ್ಯೂಟರ್ ಕೋಣೆಗೆ ಕರೆಂಟ್ ಇದ್ದಾಗ ಬೀಗದ ಕೈ ಇರುವುದಿಲ್ಲ. ದುಡ್ಡಿನ ಚಿಂತೆ ಮಾತ್ರ ಅಷ್ಟಿಲ್ಲ. ಮರಿ ಪುಢಾರಿಗಳ ಹುಟ್ಟುಹಬ್ಬದ ಪುಣ್ಯದಿಂದ ಕಲಬುರಗಿಯಲ್ಲಿ ಗಲ್ಲಿಗೊಂದು ಫ್ಲೆಕ್ಸ್ ಅಂಗಡಿ ಇದೆ. ಎ1 ಎಂದರೆ ಅಂಗಡಿಯವ "ಇಷ್ಟ್ ಸಣ್ಣದಾ?" ಎಂದು ಕನಿಕರದಿಂದ ನೋಡುತ್ತಾನೆ. ನನ್ನ ಆಸೆ ಇಷ್ಟೇ: ಜಿಲ್ಲಾ ವಿಜ್ಞಾನ ಕೇಂದ್ರದಲ್ಲಿ ಮಾದರಿಗಳ ಪ್ರದರ್ಶನ ನಡೆಯುತ್ತದಲ್ಲ, ಅಲ್ಲೇ ಜೂನ್ 29ರಂದು ಒಂದು ಗೋಡೆ ಕೊಟ್ಟರೆ ಸಾಕು. ಕನ್ನಡದಲ್ಲಿ, ಉರ್ದುವಿನಲ್ಲಿ, ಕೈಯಿಂದ ಬರೆದ ಪೋಸ್ಟರುಗಳು. ಥರ್ಮಾಕೋಲಿನ ಜ್ವಾಲಾಮುಖಿಗೆ ಈ ವರ್ಷ ರಜೆ.

ಈ ಸಲದ ತಂಡ ಗುಳೆಯ ವಿಷಯ ತೆಗೆದುಕೊಂಡಿದೆ. ಬೀಗ ಹಾಕಿದ ಮನೆಗಳು ಹಿಂದಿನ ತಂಡವನ್ನು ಬಿಟ್ಟರೂ ಇವರನ್ನು ಬಿಡಲಿಲ್ಲ. "ನಿಮ್ಮ ಮನ್ಯಾಗ ಯಾರರ ದುಡಿಲಾಕ ಹೊರಗ ಹೋಗ್ಯಾರೇನು?" ಎಂದು ಕೇಳಿದರೆ, ಹಬ್ಬಕ್ಕೆ ಬಂದು ಮನೆಯಲ್ಲೇ ಕೂತವನು ಇಲ್ಲ ಎನ್ನುತ್ತಾನೆ. ಹಾಗಾಗಿ 'ಈಗ' ಎಂದು ಕೇಳಬೇಕೋ, 'ಹ್ವಾದ ದೀಪಾವಳಿಯಿಂದ ಇಲ್ಲೀತನ' ಎಂದು ಕೇಳಬೇಕೋ ಎಂದು ವಾದ ನಡೆದು, ದೀಪಾವಳಿ ಗೆದ್ದಿತು. ತಾಂಡಾದಲ್ಲಿ ಕನ್ನಡದಲ್ಲಿ ಕೇಳಿದರೆ ಹಿರಿಯರು ಮಕ್ಕಳನ್ನು ಮುಂದೆ ಬಿಡುತ್ತಾರೆ, ಉತ್ತರ ಮಕ್ಕಳದಾಗುತ್ತದೆ. ಅಲ್ಲಿಂದ ಬರುವ ಹುಡುಗಿಯೊಬ್ಬಳು ಪ್ರಶ್ನೆಗಳನ್ನೆಲ್ಲ ಲಂಬಾಣಿಯಲ್ಲಿ ಹೇಳಿ, ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬಂದಿದ್ದಾಳೆ. ಉರ್ದುವಿನದ್ದು ಬರೆದು ಕೊಡುತ್ತೇನೆಂದವನು ಇನ್ನೂ ತಂದಿಲ್ಲ. ಅವನು ತಂದ ಮೇಲೆ ಮೊದಲು ಹತ್ತು ಮನೆಯಲ್ಲಿ ಕೇಳಿ ನೋಡುವುದು, ಯಾವ ಪ್ರಶ್ನೆಗೆ ಮಂದಿ ಮುಖ ಮುಖ ನೋಡುತ್ತಾರೋ ಅದನ್ನು ತಿದ್ದುವುದು, ಆಮೇಲೆ ಊರಿಗೆ ಇಳಿಯುವುದು ಎಂದು ಗೊತ್ತಾಗಿದೆ.